ಎಟ್ಟಿ ತಿನ್ನದ ಹುಡುಗನ ಪರವಾಗಿ ಜಮಾಅತ್‌ಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮಸೀದಿಗಳ ಜಮಾಅತ್ ಕಮಿಟಿ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಖತೀಬರಿಗೆ ಮತ್ತು ಮದ್ರಸದ ಉಸ್ತಾದರಿಗೆ,

ಮಾನ್ಯರೇ, ಅಸ್ಸಲಾಮು ಅಲೈಕುಮ್.

ನಾನು ಬಂಟ್ವಾಳ ತಾಲೂಕಿನವಳು, ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿಮ್ಮ ಮಹಾಸಭೆಯಲ್ಲಿ ಎದ್ದು ನಿಂತು ಮಾತನಾಡುವ ಅವಕಾಶ ನನ್ನಂಥ ಹೆಂಗಸರಿಗೆ ಇಲ್ಲ. ಆದ್ದರಿಂದ ಅಲ್ಲಿ ಹೇಳಬೇಕಾದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಯಾವ ಒಂದು ಮಸೀದಿಯ ಮೇಲೂ ಇದು ದೂರಲ್ಲ. ನಮ್ಮ ಮನೆಯ ಮಕ್ಕಳು ಮೊಬೈಲಿನಿಂದ ಕಲಿಯುತ್ತಿರುವ ಧರ್ಮದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಧರ್ಮವನ್ನು ಅವರು ಯಾವ ಮಾತಿನಲ್ಲಿ ಕಲಿಯುತ್ತಿದ್ದಾರೆ ಎಂಬುದರ ಬಗ್ಗೆ, ನಾನು ಕಂಡದ್ದನ್ನು ನಿಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ಕಳೆದ ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿದ ಹೊಸತರಲ್ಲಿ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಎಟ್ಟಿ (ಸೀಗಡಿ) ಗಸಿ ಮಾಡಿದ್ದಳು. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ಅವಳ ಮಗ ಗಸಿಯ ಪಾತ್ರೆಯನ್ನು ಆಚೆ ಸರಿಸಿ ಬರೀ ಸಾರಿನಲ್ಲಿ ಉಂಡ. ಕೇಳಿದರೆ, "ಎಟ್ಟಿ ಮೀನಲ್ಲ ಉಮ್ಮಾ, ತಿನ್ನಬಾರದು" ಎಂದ. ಯಾರು ಹೇಳಿದರು ಎಂದಾಗ ಫೋನು ತೋರಿಸಿದ. ನಲವತ್ತು ಸೆಕೆಂಡಿನ ತುಣುಕು ಅದು. ಮಾತು ಉರ್ದುವಿನಲ್ಲಿತ್ತು, ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ತಾನು ಹನಫಿ ಪಂಥದ ವಿಧಿಯನ್ನು ಹೇಳುತ್ತಿದ್ದೇನೆ ಎಂದಾಗಲಿ, ಎಟ್ಟಿಯನ್ನು ಮೀನಿನ ಲೆಕ್ಕಕ್ಕೆ ಸೇರಿಸಬಹುದೇ ಎಂಬ ವಿಚಾರದಲ್ಲಿ ಹನಫಿ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ ಎಂದಾಗಲಿ ಆ ಭಾಷಣಕಾರರು ಹೇಳಲಿಲ್ಲ. ಮುದುಕರಾದ ನನ್ನ ಭಾವ ತಾಳ್ಮೆಯಿಂದಲೇ, "ನಾವು ಶಾಫಿಗಳಲ್ಲವೇ ಮಗಾ, ನಮಗೆ ಅದು ಹಲಾಲ್" ಎಂದರು. ಅದಕ್ಕೆ ಹುಡುಗ, "ಮದ್‌ಹಬ್‌ಗಳನ್ನೆಲ್ಲ ಮಾಡಿದ್ದು ಮನುಷ್ಯರು, ನಾವು ನೋಡಬೇಕಾದ್ದು ಕುರ್‌ಆನ್ ಮತ್ತು ಹದೀಸ್ ಮಾತ್ರ" ಎಂದ. ಹನಫಿ, ಶಾಫಿ ಮುಂತಾದ ಧರ್ಮವಿಧಿಯ ಪಂಥಗಳಿಗೇ ಮದ್‌ಹಬ್ ಎನ್ನುವುದು. ಹುಡುಗ ಹೇಳಿದ್ದು ಬೇರೊಂದು ತುಣುಕಿನ ಮಾತು. ಮೊದಲನೆಯದು ಅಪ್ಪಟ ಮದ್‌ಹಬ್‌ನ ತೀರ್ಪು, ಎರಡನೆಯದು ಮದ್‌ಹಬ್‌ಗಳೇ ಬೇಡವೆನ್ನುವ ವಾದ. ಎರಡೂ ಒಂದೇ ಬಾಯಲ್ಲಿ, ಒಂದೇ ಊಟದ ಹೊತ್ತಿನಲ್ಲಿ, ಒಂದನ್ನೊಂದು ಮುಟ್ಟದೆ ಕುಳಿತಿದ್ದವು. ಆ ಸಂಜೆ ನನ್ನನ್ನು ಕಾಡಿದ್ದು ಇದೇ.

ಈ ಹುಡುಗನನ್ನು ನಾನು ಹಗುರಾಗಿ ತೆಗೆದುಕೊಳ್ಳುತ್ತಿಲ್ಲ. ಹಾಸ್ಟೆಲಿನಲ್ಲಿದ್ದೂ ಸುಬ್‌ಹಿ (ಮುಂಜಾನೆಯ ನಮಾಝ್) ತಪ್ಪಿಸುವವನಲ್ಲ. ಅವನ ವಯಸ್ಸಿನಲ್ಲಿ ನಮ್ಮಲ್ಲಿ ಅನೇಕರಿಗೆ ಇಲ್ಲದಿದ್ದ ಶ್ರದ್ಧೆ ಅವನಿಗಿದೆ. ಶ್ರದ್ಧೆ ಇರುವುದರಿಂದಲೇ ಅವನು ಹುಡುಕುತ್ತಾನೆ. ಹುಡುಕಿದಾಗ ಮೊದಲು ಕೈಗೆ ಸಿಗುವುದು ಯಾವುದು ಎಂಬುದನ್ನು ನಾವು ವಿಚಾರ ಮಾಡಬೇಕು.

ಅದು ಹೇಗೆ ಸಿಗುತ್ತದೆ ಎಂಬುದನ್ನು ಇವನಿಂದಲೇ ಕೇಳಿ ತಿಳಿದುಕೊಂಡೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷೇಧವಾಯಿತು. ಮರು ತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಶುರುವಾಯಿತು. ಲಾಕ್‌ಡೌನಿನಿಂದ ಮದ್ರಸಗಳ ಬಾಗಿಲು ಮುಚ್ಚಿದ್ದ, ಶಾಲೆಯ ಪಾಠಕ್ಕೆಂದು ಪ್ರತಿ ಮಗುವಿನ ಕೈಗೂ ಮೊಬೈಲ್ ಬಂದಿದ್ದ ಕಾಲ ಅದು. ಆಗ ಹದಿನಾಲ್ಕು ಹದಿನೈದು ವರ್ಷದವರಾಗಿದ್ದ ಮಕ್ಕಳೇ ಇಂದು ನಿಮ್ಮ ಮಸೀದಿಯ ಹಿಂದಿನ ಸಾಲುಗಳಲ್ಲಿ ನಿಲ್ಲುವ ಯುವಕರು. ಮುಂದಿನ ವಿಡಿಯೊ ಯಾವುದು ಎಂದು ತೀರ್ಮಾನಿಸುವ ಯಂತ್ರಕ್ಕೆ ಮಾತನಾಡುವವನ ಓದು ಎಷ್ಟು, ಯಾರ ಬಳಿ ದರ್ಸ್ (ಧರ್ಮಪಾಠ) ಮಾಡಿದ್ದಾನೆ, ಕಲಿಸಲು ಗುರುವಿನ ಇಜಾಝತ್ (ಅನುಮತಿ) ಇದೆಯೇ ಎಂಬುದು ಗೊತ್ತಿಲ್ಲ. ನೋಡುವವನು ಎಷ್ಟು ಹೊತ್ತು ನೋಡಿದ, ಯಾರಿಗೆ ಕಳಿಸಿದ, ಕೆಳಗೆ ಏನು ಜಗಳವಾಡಿದ ಎಂಬುದಷ್ಟೇ ಅದಕ್ಕೆ ಲೆಕ್ಕ. "ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ" ಎಂದು ಆರಂಭವಾಗುವ ಮಾತನ್ನು ಬೆರಳು ದಾಟಿಸಿಬಿಡುತ್ತದೆ. "ನೀವು ದಿನವೂ ಮಾಡುವ ಈ ಕೆಲಸ ಹರಾಮ್" ಎಂದು ಆರಂಭವಾಗುವ ಮಾತಿಗೆ ಅದೇ ಬೆರಳು ನಿಲ್ಲುತ್ತದೆ.

ನಾನು ಭಾಷೆಯ ಮೇಷ್ಟ್ರಾದ್ದರಿಂದ ಮಾತಿನ ಕಡೆಗೇ ಮೊದಲು ನನ್ನ ಗಮನ. ಕರಾವಳಿಯ ಮುಸ್ಲಿಮರ ಮಾತಾದ ಬ್ಯಾರಿಯನ್ನಾಡುವ ನಮ್ಮ ಮನೆಗಳಲ್ಲಿ ಉಮ್ಮಂದಿರು ಉಪವಾಸಕ್ಕೆ ನೋಂಬು ಎನ್ನುತ್ತಾರೆ. ಹಳಗನ್ನಡ ಓದಿದವರಿಗೆ ನೋಂಪಿ ಎಂಬ ಪದ ಪರಿಚಿತ. ಜೈನರು ವ್ರತಕ್ಕೆ ಬಳಸುವ ಪದವದು, ಎರಡಕ್ಕೂ ಬೇರು ಒಂದೇ. ಹಬ್ಬಕ್ಕೆ ನಾವು ಪೆರ್ನಾಲ್ ಎನ್ನುತ್ತೇವೆ, ದೊಡ್ಡ ದಿನ ಎಂದು ಅದರ ಅರ್ಥ. ಕೇರಳದ ಕ್ರೈಸ್ತರೂ ತಮ್ಮ ಹಬ್ಬಗಳನ್ನು ಇದೇ ಪದದಿಂದ ಕರೆಯುತ್ತಾರೆ. ಮಸೀದಿ ನಮಗೆ ಪಳ್ಳಿ. ತಮಿಳಿನಲ್ಲಿ ಒಂದು ಕಾಲಕ್ಕೆ ಜೈನ, ಬೌದ್ಧ ಮುನಿಗಳ ವಾಸಸ್ಥಾನಕ್ಕೆ ಇದ್ದ ಹೆಸರು ಅದು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಟಿಪ್ಪುವಿನ ಕಾಲದಲ್ಲಿ ಹೊಸ ಹೆಸರು ಬಂದರೂ ಹಳಬರ ಬಾಯಲ್ಲಿ ಅದು ಬೆಲಿಯೆ ಪಳ್ಳಿಯೇ, ಅಂದರೆ ದೊಡ್ಡ ಪಳ್ಳಿ. ನಮಾಝಿಗೆ ನಿಸ್ಕಾರ ಎಂದರೆ ಅದು ನಮಸ್ಕಾರವೇ ಸವೆದು ಆದ ರೂಪ. ಅಲ್ಲಾಹನನ್ನು ಪಡಚ್ಚೋನ್ ಎಂದು ಕರೆಯುವಾಗ ನಮ್ಮ ಅಜ್ಜಿಯಂದಿರು ಸೃಷ್ಟಿಕರ್ತ ಎಂಬ ದೊಡ್ಡ ಅರ್ಥವನ್ನು ಅಡುಗೆಮನೆಯ ಮಾತಿಗೆ ಇಳಿಸಿಕೊಂಡಿದ್ದರು. ನೂರಾರು ವರ್ಷಗಳಲ್ಲಿ ಒಂದು ಸಮುದಾಯ ಅರಬಿ ಧರ್ಮವನ್ನು ತನ್ನ ನಾಲಗೆಗೆ ಹೊಂದಿಸಿಕೊಂಡ ಬಗೆ ಇದು. ಈ ಪದಗಳಲ್ಲಿ ಯಾವುದೂ ಈಮಾನನ್ನು (ನಂಬಿಕೆಯನ್ನು) ತೆಳುವಾಗಿಸಲಿಲ್ಲ.

ಈಗಿನ ಮಕ್ಕಳಿಗೆ ಈ ಪದಗಳನ್ನು ಹೇಳಲು ನಾಚಿಕೆ. ನೋಂಬು ಹಳ್ಳಿಯ ಮಾತಾಗಿದೆ, ಫಾಸ್ಟಿಂಗ್ ಅಥವಾ ಸೌಮ್ ಸರಿಯಾದ ಮಾತಾಗಿದೆ. ನಿಸ್ಕಾರ ಎಂಬ ಪದದಲ್ಲಿ ಶಿರ್ಕಿನ (ದೇವರಿಗೆ ಸಮಾನರನ್ನು ಕಲ್ಪಿಸುವುದರ) ವಾಸನೆ ಇದೆಯೇ ಎಂದು ಒಬ್ಬ ಹುಡುಗಿ ನನ್ನನ್ನು ನಿಜವಾಗಿಯೂ ಕೇಳಿದಳು. ಪದದ ಹುಟ್ಟನ್ನು ಯಾರೋ ಹೇಳಿದ್ದರು, ಅದು ಬಂದ ದಾರಿಯನ್ನು ಹೇಳಿರಲಿಲ್ಲ. ಇನ್ನೊಂದು ಮನೆಯಲ್ಲಿ ಮೊಮ್ಮಗ ತನ್ನ ಅಜ್ಜಿಯನ್ನು ತಿದ್ದುವುದನ್ನು ಕೇಳಿದೆ: "ರಮಳಾನ್ ಅಲ್ಲ, ರಮದಾನ್ ಅನ್ನಬೇಕು." ಆ ಪದದಲ್ಲಿರುವ ದ್ವಾದ್ ಅಕ್ಷರ ಎಷ್ಟು ವಿಶಿಷ್ಟವೆಂದರೆ ಅರಬರು ತಮ್ಮ ಭಾಷೆಯನ್ನೇ ದ್ವಾದಿನ ಭಾಷೆ ಎಂದು ಹೆಮ್ಮೆಯಿಂದ ಕರೆದುಕೊಂಡಿದ್ದಾರೆ. ಪಾರಸಿ, ಉರ್ದು ಮಾತಾಡುವವರ ಬಾಯಲ್ಲಿ ಅದು ಝಕಾರವಾಯಿತು, ನಮ್ಮ ಕರಾವಳಿಯಲ್ಲಿ ಮತ್ತು ಮಲಬಾರಿನಲ್ಲಿ ಳಕಾರವಾಯಿತು, ಕನ್ನಡದ ಪತ್ರಿಕೆಗಳಲ್ಲಿ ರಂಜಾನ್ ಆಯಿತು. ಲಂಡನ್ನಿನ ಯುವಕನೊಬ್ಬ ಹೇಳುವ ಇಂಗ್ಲಿಷಿನ ದಕಾರವೂ ದ್ವಾದ್ ಅಲ್ಲ. ಅಜ್ಜಿಯದು ತಪ್ಪಾದರೆ ಮೊಮ್ಮಗನದೂ ಅಷ್ಟೇ ತಪ್ಪು. ಆದರೆ ಮೊಮ್ಮಗನ ತಪ್ಪಿಗೆ ಹತ್ತು ಲಕ್ಷ ಜನ ಲೈಕ್ ಒತ್ತಿದ್ದಾರೆ, ಅಜ್ಜಿ ತನ್ನ ತಪ್ಪನ್ನು ತನ್ನ ಅಜ್ಜಿಯಿಂದ ಕಲಿತವಳು. ಅವಳು ಆ ದಿನದಿಂದ ಮೊಮ್ಮಗನ ಎದುರು ಆ ಪದವನ್ನೇ ಎತ್ತುತ್ತಿಲ್ಲ ಎಂದು ಸೊಸೆ ಹೇಳಿದಳು.

ಅರಬಿ ಪದ ಬಂದರೆ ಭಾಷೆ ಕೆಡುತ್ತದೆ ಎನ್ನುವಷ್ಟು ಸಣ್ಣ ಮನಸ್ಸು ನನ್ನದಲ್ಲ. ಕನ್ನಡದಲ್ಲಿ ಹಾಜರಿ, ವಕೀಲ, ತಕರಾರು, ಜಾಹೀರಾತು ಎಲ್ಲ ಆ ಕಡೆಯಿಂದ ಬಂದು ನಮ್ಮವೇ ಆದವು. ಅವು ಬಂದದ್ದು ಕಚೇರಿ, ಪೇಟೆಗಳ ಬಳಕೆಯಲ್ಲಿ ಸವೆಯುತ್ತಾ. ರೀಲ್ಸಿನ ಪದಗಳು ಸವೆಯಲು ಸಮಯವೇ ಇಲ್ಲದೆ, ತೀರ್ಪಿನ ಮುದ್ರೆ ಹೊತ್ತೇ ಬರುತ್ತವೆ. ಹರಾಮ್, ಬಿದ್‌ಅತ್ (ಧರ್ಮದಲ್ಲಿಲ್ಲದ ಹೊಸ ಆಚರಣೆ), ಶಿರ್ಕ್, ಫಿತ್ನಾ (ಕೆಡುಕಿಗೆ ಸೆಳೆಯುವುದು) ಎಂಬ ಪದಗಳನ್ನು ನಮ್ಮ ಉಸ್ತಾದರು ಹೇಳುವಾಗ ತಗ್ಗಿದ ದನಿಯಲ್ಲಿ, ಷರತ್ತುಗಳೊಂದಿಗೆ ಹೇಳುತ್ತಿದ್ದರು. ಹುಡುಗರು ಈಗ ಅವನ್ನು ಕ್ರಿಕೆಟ್ಟಿನ ಅಂಪೈರು ಬೆರಳೆತ್ತಿದ ಹಾಗೆ ಬಳಸುತ್ತಾರೆ. ಅವರ ಧಾರ್ಮಿಕ ಮಾತಿನಲ್ಲಿ "ಆದರೆ", "ಒಂದು ವೇಳೆ", "ನಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ" ಎಂಬ ತಿರುವುಗಳೇ ಇಲ್ಲ. ವ್ಯಾಕರಣ ಕಲಿಸಿದವಳಾಗಿ ಹೇಳುತ್ತೇನೆ, ಪದ ಎರವಲು ತಂದರೆ ನಷ್ಟವಿಲ್ಲ, ವಾಕ್ಯವನ್ನೇ ಎರವಲು ತಂದರೆ ಯೋಚನೆಯೂ ಎರವಲಾಗುತ್ತದೆ.

ಮದೀನಾದ ಇಮಾಮ್ ಮಾಲಿಕರಿಗೆ ಒಮ್ಮೆ ನಲವತ್ತೆಂಟು ಪ್ರಶ್ನೆಗಳನ್ನು ಕೇಳಿದಾಗ ಮೂವತ್ತೆರಡಕ್ಕೆ "ನನಗೆ ಗೊತ್ತಿಲ್ಲ" ಎಂದು ಉತ್ತರಿಸಿದರೆಂಬುದು ನೀವೆಲ್ಲ ದರ್ಸಿನಲ್ಲಿ ಓದಿದ ಸಂಗತಿ. ನಾವು ಅನುಸರಿಸುವ ಇಮಾಮ್ ಶಾಫಿಯವರೇ ಇರಾಕಿನಿಂದ ಈಜಿಪ್ಟಿಗೆ ಹೋದ ಮೇಲೆ ತಮ್ಮ ಎಷ್ಟೋ ಅಭಿಪ್ರಾಯಗಳನ್ನು ಬದಲಿಸಿದರು. ಹಳೆಯ ಮಾತು, ಹೊಸ ಮಾತು ಎಂದು ಎರಡನ್ನೂ ಶಿಷ್ಯರು ದಾಖಲಿಸಿ ಇಟ್ಟರು. ಇಂಥ ಪರಂಪರೆಯ ಮಕ್ಕಳು "ಗೊತ್ತಿಲ್ಲ" ಎನ್ನುವ ಒಬ್ಬನೇ ಒಬ್ಬ ಧರ್ಮಬೋಧಕನನ್ನೂ ತಮ್ಮ ಫೋನಿನಲ್ಲಿ ಕಂಡಿಲ್ಲ. ನನ್ನ ತಂಗಿಯ ಮಗನನ್ನು ಕೇಳಿದೆ. ಯೋಚಿಸಿ, ಇಲ್ಲ ಎಂದ.

ಇನ್ನೊಂದು ಘಟನೆ ನಿಮಗೂ ತಿಳಿದಿರಬಹುದು, ಯಾಕೆಂದರೆ ಸ್ವಲ್ಪ ಹೆಚ್ಚುಕಡಿಮೆ ಇಂಥದ್ದು ಹಲವು ಊರುಗಳಲ್ಲಿ ಆಗಿದೆ. ನಮ್ಮ ಪಕ್ಕದ ಊರಿನ ಮಸೀದಿಯಲ್ಲಿ ಸುಬ್‌ಹಿಯ ಎರಡನೆಯ ರಕಅತ್‌ನಲ್ಲಿ ಇಮಾಮರು ಖುನೂತ್‌ ಎಂಬ ಪ್ರಾರ್ಥನೆಗೆ ಕೈಯೆತ್ತಿದಾಗ ಮೂವರು ಹುಡುಗರು ಕೈಕಟ್ಟಿಕೊಂಡೇ ನಿಂತರು. ನಮಾಝ್ ಮುಗಿದ ಮೇಲೆ ಇದು ಬಿದ್‌ಅತ್ ಎಂದರು. ಮಾತಿಗೆ ಮಾತು ಬೆಳೆದು ಹಿರಿಯರೊಬ್ಬರು, "ನಾಳೆಯಿಂದ ಬೇರೆ ಪಳ್ಳಿ ನೋಡಿಕೊಳ್ಳಿ" ಎಂದುಬಿಟ್ಟರು. ಅವರು ನೋಡಿಕೊಂಡರು ಕೂಡ. ಹನಫಿ ಪಂಥದ ಮೂಲಪುರುಷರೂ ಸುಬ್‌ಹಿಯಲ್ಲಿ ಖುನೂತ್ ಒಪ್ಪದವರೂ ಆದ ಇಮಾಮ್ ಅಬೂ ಹನೀಫರ ಗೋರಿಯ ಬಳಿ ಸುಬ್‌ಹಿ ನಮಾಝ್ ಮಾಡಿದಾಗ ಇಮಾಮ್ ಶಾಫಿಯವರು ಅವರ ಮೇಲಿನ ಗೌರವಕ್ಕಾಗಿ ಖುನೂತ್ ಬಿಟ್ಟರೆಂಬ ಕತೆ ನಮ್ಮಲ್ಲಿ ಪ್ರಸಿದ್ಧ. ಆ ಬೆಳಿಗ್ಗೆ ಯಾರಾದರೂ ಒಬ್ಬರು, ಹುಡುಗರಿಗೆ ಅರ್ಥವಾಗುವ ಮಾತಿನಲ್ಲಿ, ಆ ಕತೆಯನ್ನು ಹೇಳಿದ್ದರೆ ಸಾಕಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಹೇಳಬೇಕಾಗಿದ್ದ ಖತೀಬರು ಕಾಸರಗೋಡಿಗೂ ಆಚೆಯವರು, ಕೆಲಸಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಹುಡುಗರ ಬ್ಯಾರಿಮಾತು ಅವರಿಗೆ ಪೂರ್ತಿ ಹಿಡಿಯುತ್ತಿರಲಿಲ್ಲ, ಅವರ ಮಲಯಾಳ ಹುಡುಗರಿಗೆ ಬೇಸರ ತರಿಸುತ್ತಿತ್ತು.

ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ತೊಡಕಿನದು, ಇಲ್ಲಿ ನಾನು ಎರಡು ಮಾತನ್ನೂ ಹೇಳಲೇಬೇಕು. ಮಸೀದಿಯ ಪ್ರಸಂಗವನ್ನು (ಧರ್ಮಭಾಷಣವನ್ನು) ನಾವು ಕೇಳಿದ್ದು ಅಂಗಳದಲ್ಲಿ ನಿಂತು, ಧ್ವನಿವರ್ಧಕದಿಂದ, ಗಾಳಿ ಈ ಕಡೆ ಬೀಸಿದ ದಿನ ಮಾತ್ರ. ಮದ್ರಸದ ಏಳನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಬಹುತೇಕ ಹುಡುಗಿಯರಿಗೆ ಧರ್ಮದ ಪಾಠ ಅಲ್ಲಿಗೇ ನಿಂತಿತು. ನಮ್ಮ ನೆರೆಮನೆಯ ಹುಡುಗಿ ಫೋನಿನಲ್ಲಿಯೇ ತಜ್ವೀದ್ (ಕುರ್‌ಆನ್ ಓದುವ ಉಚ್ಚಾರದ ನಿಯಮ) ಕಲಿತಳು. ಅವಳು ಸೂರಃ ಮರ್ಯಮ್ ಓದುವುದನ್ನು ಕೇಳಿದರೆ ನಮ್ಮ ಕಾಲದ ಓದಿನಲ್ಲಿ ಎಷ್ಟು ತಪ್ಪುಗಳಿದ್ದವೆಂದು ತಿಳಿಯುತ್ತದೆ. ಝಿಂಬಾಬ್ವೆಯ ಮುಫ್ತಿ ಇಸ್ಮಾಯಿಲ್ ಮೆಂಕ್ ಅವರ ಇಂಗ್ಲಿಷ್ ಮಾತುಗಳನ್ನು ಕೇಳಿ, ಪರೀಕ್ಷೆಯಲ್ಲಿ ಫೇಲಾದ ವರ್ಷವನ್ನು ದಾಟಿದೆ ಎಂದು ಅವಳೇ ಹೇಳಿದ್ದಾಳೆ. ಮಸೀದಿ ಅವಳಿಗೆ ಕೊಡದೇ ಇದ್ದುದನ್ನು ಮೊಬೈಲ್ ಕೊಟ್ಟಿತು. ಇದನ್ನು ಮುಚ್ಚಿಟ್ಟು ರೀಲ್ಸನ್ನು ಬಯ್ಯುವುದು ಪ್ರಾಮಾಣಿಕವಲ್ಲ.

ಅದೇ ಮೊಬೈಲ್ ಅವಳ ತಮ್ಮನಿಗೆ ಕೊಟ್ಟದ್ದು ಬೇರೆ. ಗಂಡಸುತನವನ್ನು ಮಾರುವ ವಿದೇಶಿ ಯುವಕರ ಒಂದು ದೊಡ್ಡ ಸಂತೆಯೇ ಅಂತರ್ಜಾಲದಲ್ಲಿದೆ. ಕಿಕ್‌ಬಾಕ್ಸರ್ ಆಗಿದ್ದ ಆಂಡ್ರ್ಯೂ ಟೇಟ್ ಎಂಬಾತ 2022ರ ಅಕ್ಟೋಬರಿನಲ್ಲಿ ಇಸ್ಲಾಮ್ ಸ್ವೀಕರಿಸಿದ ಸುದ್ದಿ ಬಂದ ಮೇಲೆ ಆ ಸಂತೆಯ ಸರಕಿಗೆ ನಮ್ಮ ಹುಡುಗರ ಕಣ್ಣಲ್ಲಿ ಧರ್ಮದ ಮೆರುಗೂ ಬಂತು. ಗೀರಾ (ಮನೆಯ ಹೆಂಗಸರ ಮಾನದ ಬಗೆಗಿನ ರೋಷ), ಖಿವಾಮಾ (ಗಂಡಸಿನ ಯಜಮಾನಿಕೆ) ಎಂಬ ಪದಗಳನ್ನು ಈ ಹುಡುಗ ಅಲ್ಲಿಂದಲೇ ಕಲಿತ. ಅಕ್ಕ ಕಾಲೇಜಿನ ಗುಂಪು ಫೋಟೊ ಹಾಕಿದ್ದಕ್ಕೆ ಅವನು ಮೂರು ದಿನ ಅವಳೊಡನೆ ಮಾತು ಬಿಟ್ಟ. ತಾನು ಉಂಡ ತಟ್ಟೆಯನ್ನು ತೊಳೆದವನಲ್ಲ, ಅದಕ್ಕೂ ಅವನ ಬಳಿ ಒಂದು ತುಣುಕಿತ್ತು. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಅವರ ಪತ್ನಿ ಆಯಿಶಾ ಬೀವಿಯವರು, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದರೆ ಹೊರಡುತ್ತಿದ್ದರು ಎಂದ ಹದೀಸ್ ಬುಖಾರಿಯಲ್ಲೇ ಇದೆ. ಅದನ್ನು ನಾನು ಹೇಳಿದಾಗ ಅವನು, "ಇದರ ಲಿಂಕ್ ಇದೆಯಾ?" ಎಂದು ಕೇಳಿದ. ನನಗೆ ನಗು ಬಂತು, ಅವನಿಗೆ ಬರಲಿಲ್ಲ. ನಮ್ಮ ಕಾಲದಲ್ಲಿ ಸನದ್ ಎಂದರೆ ಯಾರಿಂದ ಯಾರು ಕೇಳಿದರು ಎಂಬ ಮನುಷ್ಯರ ಸರಪಳಿಯಾಗಿತ್ತು.

ಸುಳ್ಳು ಧಾರ್ಮಿಕ ಸಂದೇಶಗಳು ಮೊಬೈಲಿನಿಂದಲೇ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಮದೀನಾದ ರೌಳಾದ (ಪ್ರವಾದಿಯವರ ಗೋರಿಯ) ಕಾವಲುಗಾರ ಶೇಖ್ ಅಹ್ಮದ್ ಕಂಡ ಕನಸಿನ ಕಾಗದ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೂ ಬಂದಿತ್ತು. ಇದನ್ನು ನಕಲು ಮಾಡಿ ಹಂಚಿದವರಿಗೆ ಲಾಭ, ಹಂಚದವರಿಗೆ ನಷ್ಟ ಎಂದು ಅದರಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಿಂದಲೂ ಆ ಕಾಗದ ಊರೂರು ಸುತ್ತುತ್ತಲೇ ಇದೆ. ಹೆದರಿದ ಉಮ್ಮ ಅದನ್ನು ಮುಸ್ಲಿಯಾರರಿಗೆ ತೋರಿಸಲು ಕಳಿಸಿದರು. ಅವರು ಓದಿ, ಮಡಚಿ, ತಮ್ಮ ಜುಬ್ಬಾದ ಕಿಸೆಗೆ ಹಾಕಿಕೊಂಡು, "ಹೋಗಿ ಪಾಠ ಓದು, ಪ್ರವಾದಿಯವರು ಯಾರನ್ನೂ ಹೀಗೆ ಹೆದರಿಸುವುದಿಲ್ಲ" ಎಂದು ಬ್ಯಾರಿಯಲ್ಲಿ ಹೇಳಿದರು. ಸುಳ್ಳು ಕಾಗದ ನಮ್ಮ ಮನೆ ತಲುಪಿದ ದಿನವೇ ಅದನ್ನು ಕಿಸೆಗೆ ಹಾಕಿಕೊಳ್ಳುವ ಒಬ್ಬ ಮನುಷ್ಯ ನಡೆದು ಹೋಗುವಷ್ಟು ದೂರದಲ್ಲಿದ್ದ, ನಮ್ಮ ಮಾತಿನಲ್ಲೇ ಮಾತಾಡುತ್ತಿದ್ದ. ಈಗ ಕಾಗದ ಗಂಟೆಗೆ ಹತ್ತು ಬರುತ್ತದೆ. ಆ ಮನುಷ್ಯ ಎಲ್ಲಿ ಎಂಬುದೇ ನಾನು ನಿಮಗೆ ಕೇಳುವ ಪ್ರಶ್ನೆ.

ನಮ್ಮ ಮಗುವಿನ ಒಂದು ದಿನವನ್ನು ನೋಡಿ. ಬೆಳಿಗ್ಗೆ ಮದ್ರಸದಲ್ಲಿ ಅರಬಿ ಮತ್ತು ಅರಬಿ ಮಲಯಾಳ (ಅರಬಿ ಲಿಪಿಯಲ್ಲಿ ಬರೆಯುವ ಮಲಯಾಳ), ಹಗಲಿಡೀ ಇಂಗ್ಲಿಷ್ ಮಾಧ್ಯಮದ ಶಾಲೆ, ಅಂಗಡಿಯಲ್ಲಿ ತುಳು, ಮನೆಯಲ್ಲಿ ಬ್ಯಾರಿ, ಗ್ರಾಮ ಪಂಚಾಯತಿಯ ಅರ್ಜಿಯಲ್ಲಿ ಕನ್ನಡ. ಅರಬಿ ಮಲಯಾಳದ ಬಗ್ಗೆ ನನಗೆ ಗೌರವವಿದೆ. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದರು ಬರೆದ ಮುಹಿಯುದ್ದೀನ್ ಮಾಲೆಯನ್ನು ಅಕ್ಷರ ಬಾರದ ನನ್ನ ಅಜ್ಜಿ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಹೇಳುತ್ತಿದ್ದರು. ಆ ಭಾಷೆಯಲ್ಲಿ ಅವರಿಗೆ ಧರ್ಮವೂ ಸಿಕ್ಕಿತು, ಕಾವ್ಯವೂ ಸಿಕ್ಕಿತು. ಆದರೆ ಅವರ ಮರಿಮಕ್ಕಳಿಗೆ ಅದು ಪರೀಕ್ಷೆಯ ಭಾಷೆ ಮಾತ್ರ. ಏಳನೆಯದೋ ಹತ್ತನೆಯದೋ ಮುಗಿದ ಕೂಡಲೇ ಮರೆತುಹೋಗುತ್ತದೆ. ಪ್ರೀತಿ, ಉದ್ಯೋಗ, ಬಡ್ಡಿಯ ಸಾಲ, ಬೇರೆ ಧರ್ಮದ ಗೆಳೆಯರ ಮದುವೆಯೂಟ, ಖಿನ್ನತೆ ಎಂಬ ದೊಡ್ಡವರ ಪ್ರಶ್ನೆಗಳು ಏಳುವುದು ಅದಾದ ಮೇಲೆ. ಸರಿಯಾಗಿ ಆ ವಯಸ್ಸಿನಲ್ಲೇ ಜಮಾಅತ್‌ಗೂ ಅವರಿಗೂ ಇರುವ ಸಂಬಂಧ ತಿಂಗಳ ವಂತಿಗೆ ಮತ್ತು ಮಯ್ಯಿತ್ತಿಗೆ (ಶವಸಂಸ್ಕಾರಕ್ಕೆ) ಇಳಿಯುತ್ತದೆ. ಶುಕ್ರವಾರದ ಖುತ್ಬಾ (ನಮಾಝಿಗೆ ಮುಂಚಿನ ವಿಧಿಬದ್ಧ ಪ್ರವಚನ) ಅರಬಿಯಲ್ಲಿ, ಅದು ನಮ್ಮ ಉಲಮಾಗಳ ನಿಲುವು, ಅದನ್ನು ಪ್ರಶ್ನಿಸಲು ನಾನು ಹೊರಟಿಲ್ಲ. ಅದಕ್ಕೆ ಮೊದಲಿನ ಇಪ್ಪತ್ತು ನಿಮಿಷದ ಪ್ರಸಂಗಕ್ಕೆ ಅಂಥ ಯಾವ ಕಟ್ಟಳೆಯೂ ಇಲ್ಲವಲ್ಲ. ಆ ಇಪ್ಪತ್ತು ನಿಮಿಷ ಎಷ್ಟೋ ಕಡೆ ಶುದ್ಧ ಮಲಯಾಳದಲ್ಲಿ ಕಳೆಯುತ್ತದೆ, ಹುಡುಗರು ಖುತ್ಬಾ ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಾರೆ. ಹೊರಗೆ ಬೈಕಿನ ಮೇಲೆ ಕುಳಿತು ಅವರು ನೋಡುತ್ತಿರುವುದು ಮತ್ತೊಂದು ಪ್ರಸಂಗವನ್ನೇ.

ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ, ವಿಷಯವನ್ನು ಅವರಿಗೆ ಸ್ಪಷ್ಟಪಡಿಸಲೆಂದು ಕಳಿಸಿದೆವು ಎಂಬ ಸೂರಃ ಇಬ್ರಾಹೀಮಿನ ನಾಲ್ಕನೆಯ ವಚನವನ್ನು ನಿಮಗೆ ನೆನಪಿಸುವ ಅಗತ್ಯವಿಲ್ಲ. ಕನ್ನಡದಲ್ಲಿ ಕುರ್‌ಆನಿನ ಅನುವಾದಗಳು ಬಂದು ದಶಕಗಳಾದವು. 1978ರಿಂದ ಮಂಗಳೂರಿನಲ್ಲಿ ಸನ್ಮಾರ್ಗ ವಾರಪತ್ರಿಕೆ ಕನ್ನಡದಲ್ಲೇ ಧರ್ಮವನ್ನು ಚರ್ಚಿಸುತ್ತಾ ಬಂದಿದೆ. ಅದನ್ನು ನಡೆಸುವ ಸಂಘಟನೆಯವರೊಡನೆ ನಿಮಗೆ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಉತ್ತರ ಕರ್ನಾಟಕದ ಮೊಹರಮ್ಮಿನಲ್ಲಿ ಕರ್ಬಲದ ಕತೆಯನ್ನು ರಿವಾಯತ್ ಪದಗಳಾಗಿ ಅಪ್ಪಟ ಹಳ್ಳಿಗನ್ನಡದಲ್ಲಿ ಹಾಡುತ್ತಾರೆ, ಹಿಂದೂಗಳೂ ಹಾಡುತ್ತಾರೆ. ಆ ಆಚರಣೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಕನ್ನಡಕ್ಕೆ ಆ ಶಕ್ತಿ ಇದೆ ಎಂಬುದಂತೂ ಅದರಿಂದ ಸಿದ್ಧ. 2025ರಲ್ಲಿ ಬಾನು ಮುಷ್ತಾಕರ ಕನ್ನಡ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಹುಡುಗಿಯರು ಸ್ಟೇಟಸ್ ಹಾಕಿಕೊಂಡರು. ಅವರಲ್ಲಿ ಎಷ್ಟು ಮಂದಿ ಆ ಕತೆಗಳನ್ನು ಕನ್ನಡದಲ್ಲಿ ಓದಬಲ್ಲರು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ, ಮೇಷ್ಟ್ರಿಗೆ ಅದು ನೋವಿನ ಲೆಕ್ಕ.

ಇಷ್ಟು ಬರೆದ ಮೇಲೆ ನಿಮ್ಮಿಂದ ಏನು ಬೇಕು ಎಂದು ಹೇಳದಿದ್ದರೆ ಇದು ಬರೀ ಗೋಳಾಗುತ್ತದೆ. ಮೊಬೈಲ್ ನಿಷೇಧಿಸುವ ಠರಾವು ದಯವಿಟ್ಟು ಮಾಡಬೇಡಿ. ಅದು ನಿಮ್ಮ ಮನೆಯಲ್ಲೇ ಪಾಲನೆಯಾಗುವುದಿಲ್ಲ. ಬದಲಿಗೆ ಶುಕ್ರವಾರದ ಆ ಇಪ್ಪತ್ತು ನಿಮಿಷವನ್ನು ಬ್ಯಾರಿಗೆ ಅಥವಾ ಕನ್ನಡಕ್ಕೆ ಬಿಟ್ಟುಕೊಡಿ. ಹೊರಗಿನಿಂದ ಬಂದ ಖತೀಬರಿಗೆ ಮಾತು ಕಲಿಯಲು ಒಂದು ವರ್ಷ ಸಮಯ ಕೊಡಿ, ಕಲಿಸಲು ಊರಿನಲ್ಲಿ ನನ್ನಂಥ ನಿವೃತ್ತರಿದ್ದಾರೆ, ಸಂಬಳ ಕೇಳುವುದಿಲ್ಲ. ಸಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ, ನಮ್ಮ ಉಸ್ತಾದರಿಗೆ ಸಿಗುವ ವೇತನ ಪೇಟೆಯ ಅಂಗಡಿಯ ಹುಡುಗನಿಗೆ ಸಿಗುವುದಕ್ಕಿಂತ ಕಡಿಮೆಯಿರುವ ಊರುಗಳು ನನಗೆ ಗೊತ್ತು. ಅದೇ ಊರುಗಳಲ್ಲಿ ಉರೂಸಿನ ದೀಪಾಲಂಕಾರಕ್ಕೆ, ಫ್ಲೆಕ್ಸಿಗೆ ಕೊರತೆಯಾದದ್ದು ಕಂಡಿಲ್ಲ. ಎರಡು ವರ್ಷಕ್ಕೊಮ್ಮೆ ಊರು ಬದಲಿಸಬೇಕಾದ ಮನುಷ್ಯ ಯಾವ ಹುಡುಗನ ಕಾಗದವನ್ನು ಕಿಸೆಗೆ ಹಾಕಿಕೊಂಡಾನು?

ಮದ್ರಸ ಮುಗಿಸಿದ ಹದಿನಾರರಿಂದ ಇಪ್ಪತ್ತೈದರವರೆಗಿನವರಿಗೆ ವಾರದಲ್ಲಿ ಒಂದು ಸಂಜೆ ಕುಳಿತು ಕೇಳುವ ಜಾಗ ಮಾಡಿ, ಹುಡುಗಿಯರಿಗೂ ಅಷ್ಟೇ ಹೊತ್ತು ಬೇರೆ ಕೋಣೆಯಲ್ಲಾದರೂ ಮಾಡಿ. ಅಲ್ಲಿ ಭಾಷಣ ಬೇಡ. ಅವರು ಫೋನಿನಲ್ಲಿ ಕಂಡ ತುಣುಕನ್ನೇ ತರಲಿ, ಅದರಲ್ಲಿ ಹೇಳಿದ್ದು ಯಾವ ಮದ್‌ಹಬ್, ಹದೀಸ್ ಎಲ್ಲಿಯದು, ಬೇರೆ ಅಭಿಪ್ರಾಯ ಏನು ಎಂದು ಉಸ್ತಾದರು ಬಿಡಿಸಿ ಹೇಳಲಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ, ಮುಂದಿನ ವಾರ ನೋಡಿ ಹೇಳುತ್ತೇನೆ ಎನ್ನಲಿ. ಹಾಗೆ ಹೇಳುವ ಒಬ್ಬ ಆಲಿಮರನ್ನು ಆ ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು. ಖುನೂತಿನ ಜಗಳದಲ್ಲಿ ಬೇರೆ ಮಸೀದಿಗೆ ಹೋದ ಮೂವರನ್ನು ಮೊದಲ ಸಂಜೆಗೇ ಕರೆಯಿರಿ.

ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಗೂ ಈ ಪತ್ರದ ಒಂದು ಪ್ರತಿ ಕಳಿಸುತ್ತಿದ್ದೇನೆ. 2007ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಭಾಷೆಗೆ ಹೊಸ ಲಿಪಿಯನ್ನೂ ರೂಪಿಸಿದೆ. ಮಕ್ಕಳು ಮಾತ್ರ ವಾಟ್ಸ್ಆ್ಯಪಿನಲ್ಲಿ ಬ್ಯಾರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಲಿಪಿಗಿಂತ ಮೊದಲು ನೋಂಬು, ಪೆರ್ನಾಲ್, ನಿಸ್ಕಾರ, ರಮಳಾನ್ ಎಂಬ ನಮ್ಮ ಧರ್ಮದ ಮನೆಮಾತುಗಳನ್ನು ಅವುಗಳ ಹುಟ್ಟು ಮತ್ತು ಬಳಕೆಯೊಂದಿಗೆ ಎಪ್ಪತ್ತು ದಾಟಿದ ಹೆಂಗಸರ ದನಿಯಲ್ಲಿ ದಾಖಲಿಸಿ, ಒಂದೊಂದು ನಿಮಿಷದ ತುಣುಕುಗಳಾಗಿ ಬಿಡಿ ಎಂಬುದು ಅವರಲ್ಲಿ ನನ್ನ ಕೋರಿಕೆ. ಹೌದು, ರೀಲ್ಸ್ ಮಾಡಿ ಎಂದೇ ಹೇಳುತ್ತಿದ್ದೇನೆ. ಮೊಮ್ಮಗನ ಎದುರು ಸುಮ್ಮನಾದ ಆ ಅಜ್ಜಿಯಿಂದ ಆರಂಭಿಸಬಹುದು, ವಿಳಾಸ ನಾನು ಕೊಡುತ್ತೇನೆ.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗ ಹುಡುಗಿಯರಿಗೆ, ಉಸ್ತಾದರಲ್ಲಿ ಕೇಳಬೇಕೆಂದಿದ್ದೂ ಕೇಳದೆ ಉಳಿದ ಪ್ರಶ್ನೆಗಳನ್ನು ಹೆಸರು ಹಾಕದೆ ಬರೆದು ಕೊಡಿ ಎಂದಿದ್ದೆ. ಇಪ್ಪತ್ತಮೂರು ಚೀಟಿಗಳು ಬಂದವು, ಅವನ್ನು ಈ ಪತ್ರದೊಂದಿಗೆ ನಮ್ಮ ಊರಿನ ಕಮಿಟಿಗೆ ತಲುಪಿಸಿದ್ದೇನೆ. ಹದಿನಾಲ್ಕು ಇಂಗ್ಲಿಷಿನಲ್ಲಿವೆ, ಆರು ಇಂಗ್ಲಿ‌ಷ್ ಅಕ್ಷರದ ಬ್ಯಾರಿಯಲ್ಲಿ, ಮೂರು ಕನ್ನಡದಲ್ಲಿ. ಒಂದು ಎಟ್ಟಿಯದು. ಒಂದು ಚೀಟಿಯಲ್ಲಿ ಯಾರೋ ಪ್ರಶ್ನೆ ಬರೆದು ಆಮೇಲೆ ಅದರ ಮೇಲೆ ಗೀಟು ಎಳೆದು ಕೊಟ್ಟಿದ್ದಾರೆ. ಗೀಟಿನ ಕೆಳಗೆ ಅಕ್ಷರಗಳು ಇನ್ನೂ ಕಾಣುತ್ತವೆ. ದಯವಿಟ್ಟು ಅದನ್ನೂ ಓದಿ.

ಇಂತು ನಿಮ್ಮ ಸಹೋದರಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಬಂಟ್ವಾಳ ತಾಲೂಕು